ನಾಲಾದ ವಿಷವೂ ನನ್ನ ಕಪಾಟೂ

ನನ್ನ ಕೈಗೆ ಒಪ್ಪಿಸಿದ ವಸ್ತು ಕೆಟ್ಟುಹೋದ ಉದಾಹರಣೆ ಇಲ್ಲ. ಜಂಬದಿಂದ ಹೇಳುತ್ತಿಲ್ಲ, ದಾಖಲೆಯ ಆಧಾರದ ಮೇಲೆ ಹೇಳುತ್ತಿದ್ದೇನೆ. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ರೆಕಾರ್ಡ್ ರೂಮಿನ ಗುಮಾಸ್ತನಾಗಿದ್ದೆ. ಅಷ್ಟೂ ವರ್ಷದಲ್ಲಿ ಒಂದು ಫೈಲನ್ನು ಇಲಿ ಕಡಿದಿಲ್ಲ, ಒಂದು ಕಾಗದಕ್ಕೆ ಹುಳ ಬಾಯಿ ಹಾಕಿಲ್ಲ. ಪಕ್ಕದ ಸ್ಟೋರ್ಸಿನಲ್ಲಿ ರಿಜಿಸ್ಟರುಗಳು ತೂತುಬಿದ್ದು ಜರಡಿಯಾಗಿದ್ದವು. ನನ್ನ ಕೋಣೆಯಲ್ಲಿ ಒಂದೊಂದು ಹಾಳೆಯೂ ಹೊಸ ಮದುಮಗನ ಹಾಗೆ ಗರಿಗರಿ! ಗುಟ್ಟು ದೊಡ್ಡದೇನಲ್ಲ. ಬೀಗ, ರಿಜಿಸ್ಟರು, ಮತ್ತು ಕಪಾಟಿನ ಪ್ರತಿ ಮೂಲೆಗೂ ನಾಲ್ಕು ಡಾಂಬರು ಗುಳಿಗೆ. ರೇಷ್ಮೆ ಸೀರೆಯ ನಡುವೆ ಇಡುತ್ತೇವಲ್ಲ, ಆ ಬಿಳಿ ಗುಳಿಗೆ. ನಿವೃತ್ತನಾದ ಮೇಲೂ ಮನೆಯಲ್ಲಿ ಅದೇ ಶಿಸ್ತು ನಡೆಸಿಕೊಂಡು ಬಂದಿದ್ದೇನೆ.

ಇಂಥ ನನ್ನ ವಿರುದ್ಧ ನಮ್ಮ ಹೌಸಿಂಗ್ ಸೊಸೈಟಿ ಒಂದು ಠರಾವು ಪಾಸು ಮಾಡಿದೆ. ಅದೂ ಅವಿರೋಧವಾಗಿ! ನೆನೆದರೆ ಈಗಲೂ ಮೈ ಉರಿಯುತ್ತದೆ. ತಪ್ಪು ಯಾರದೆಂದು ಓದುಗರೇ ತೀರ್ಮಾನಿಸಲಿ ಎಂದು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಚಿಂಚವಾಡದ ನಮ್ಮ ಕಟ್ಟಡದ ಹಿಂದೆ ಒಂದು ನಾಲಾ ಹರಿಯುತ್ತದೆ. ಹರಿಯುತ್ತದೆ ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಮೇಲುಗಡೆಯ ಗ್ಯಾರೇಜುಗಳ ಎಣ್ಣೆ, ಗಾಡಿ ತೊಳೆದ ನೀರು, ಓಣಿಯವರೆಲ್ಲರ ಬಚ್ಚಲು, ಎಲ್ಲ ಸೇರಿ ಅದರ ತಳದಲ್ಲಿ ಕಾಡಿಗೆಯಂಥ ಕೆಸರು ಮೊಣಕಾಲುಮಟ್ಟ ಕೂತಿದೆ. ನಾಲಾಕ್ಕೂ ಕಟ್ಟಡಕ್ಕೂ ನಡುವೆ, ಕಾಂಪೌಂಡಿನೊಳಗೆ, ಹತ್ತು ಮಂಚ ಹಿಡಿಸುವಷ್ಟು ಜಾಗವಿದೆ. ಅಲ್ಲಿ ನನ್ನ ಹೆಂಡತಿ ಪದ್ಮಾ ಹನ್ನೊಂದು ವರ್ಷದಿಂದ ಸೊಪ್ಪು ಬೆಳೆಯುತ್ತಾಳೆ. ಮೆಂತ್ಯ, ರಾಜಗಿರಿ, ಎಲ್ಲಕ್ಕಿಂತ ಹೆಚ್ಚಾಗಿ ಹಕ್ಕರಕಿ. ಧಾರವಾಡದಿಂದ ಬೀಜ ತಂದು, ಕಟ್ಟಡ ಕಟ್ಟಿದವರು ಬಿಟ್ಟುಹೋದ ಕಲ್ಲು, ಸಿಮೆಂಟು ಎಲ್ಲ ಕೈಯಿಂದ ಹೆಕ್ಕಿ ತೆಗೆದು ಮಾಡಿದ ಮಡಿ ಅದು. ಹಕ್ಕರಕಿಯನ್ನು ಯಾರೂ ಬೇಯಿಸುವುದಿಲ್ಲ. ಹಸಿಯಾಗಿಯೇ ಜೋಳದ ರೊಟ್ಟಿಯ ಜೊತೆ ತಿನ್ನುವುದು. ಸೊಸೈಟಿಯಲ್ಲಿರುವ ನಮ್ಮ ಕಡೆಯ ಆರೂ ಮನೆಗಳ ರೊಟ್ಟಿಗೆ ಅವಳದೇ ಹಕ್ಕರಕಿ.

ಒಂದು ಭಾನುವಾರ ಚೇರ್‌ಮನ್ ಮೋಹಿತೆ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತ ಘೋಷಣೆ ಮಾಡಿದರು. ಇವರು ಬೆಳಗಾವಿ ಕಡೆಯವರು. ಕನ್ನಡ ಚೆನ್ನಾಗಿ ಬರುತ್ತದೆ. ಸಿಟ್ಟು ಬಂದರೆ ಮಾತ್ರ ಮರಾಠಿ.

"ಕಟ್ಟಿ ಸಾಹೇಬ್ರ, ನಾಲಾ ಸ್ವಚ್ಛ ಮಾಡಾಕ ಹತ್ಯಾರ. ತೆಗೆದ ಗಾಳಾ, ಅಂದ್ರ ಕೆಸರು, ನಮಗ ಫುಕ್ಕಟ್ ಕೊಡ್ತಾರಂತ. ಹಿಂದಿನ ಜಾಗಾದಾಗ ಒಂದ ಫೂಟು ಹಾಕಿಸಿ, ಮ್ಯಾಲ ಲಾನ್ ಮಾಡಿಬಿಡೂಣು!"

ಪದ್ಮಾಳ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು. "ನನ್ನ ಹಕ್ಕರಕಿ ಮ್ಯಾಲ?"

"ವಹಿನಿ, ಗಾಳಾ ಅಂದ್ರ ಬಂಗಾರರೀ! ಹಳ್ಳ್ಯಾಗ ಕೆರಿ ಗೋಡು ತಂದು ಹೊಲಕ್ಕ ಹಾಕೂದಿಲ್ಲೇನು? ಲಾನ್ ಸುತ್ತ ನೀವು ಬೇಕಾದ್ದು ಬೆಳೀರಿ."

"ಅದು ಕೆರಿ. ಇದು ಗ್ಯಾರೇಜಿನ ಬಚ್ಚಲಾ."

"ಅದರಾಗ ವಿಷಾ ಅದ ಅಂತ ಪುರಾವೆ ಏನದ? ಪುರಾವೆ ತೋರಸ್ರಿ, ನಾ ಬಿಟ್ಟಬಿಡ್ತೀನಿ. ಜನರಲ್ ಮೀಟಿಂಗಿಗೆ ಇನ್ನೂ ಎರಡು ತಿಂಗಳದ."

ಮೋಹಿತೆ ಹೋದ ಮೇಲೆ ಪದ್ಮಾ ಹಿಂದುಗಡೆ ಹೋಗಿ ಮಡಿಯ ಪಕ್ಕ ಸುಮ್ಮನೆ ಕುಕ್ಕರಗಾಲಿನಲ್ಲಿ ಕೂತಳು. ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ನನ್ನ ಮೇಲೆ ರೇಗಿದ್ದು ನೋಡಿದ್ದೇನೆ, ಹಾಗೆ ಸುಮ್ಮನೆ ಕೂತದ್ದು ನೋಡಿರಲಿಲ್ಲ. ನನಗೆ ಕೋಪ ಬಂತು. ಪುರಾವೆಯಂತೆ ಪುರಾವೆ! ಮೂಗಿರುವ ಮನುಷ್ಯ ಕೇಳುವ ಮಾತೇ ಇದು?

"ಪುರಾವೆ ತಾನೇ? ನಾ ತರ್ತೀನಿ," ಎಂದೆ.

"ನೀವು ತರಬ್ಯಾಡ್ರಿ," ಎಂದಳು ಪದ್ಮಾ. "ಅನಘಾಗ ಹೇಳ್ರಿ."

ಅನಘಾ ಅಂದರೆ ಪದ್ಮಾಳ ತಂಗಿಯ ಮಗಳು. ನದಿ, ಕೆರೆ, ನಾಲಾಗಳ ತಳದ ಕೆಸರು ಎಷ್ಟು ವಿಷ ಅನ್ನುವುದರ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದಾಳೆ. ಮರುವಾರವೇ ಬಂದಳು. ದೊಡ್ಡ ಯಂತ್ರ ತರುತ್ತಾಳೆಂದು ನಾನು ಹಾಲ್ ಖಾಲಿ ಮಾಡಿಸಿಟ್ಟಿದ್ದೆ. ಅವಳು ಚೀಲದಿಂದ ತೆಗೆದದ್ದು ಏಳು ಪ್ಲಾಸ್ಟಿಕ್ ಪಟ್ಟಿ! ಹಾಲಿನ ಪಾಕೀಟು ಕತ್ತರಿಸಿದರೆ ಬರುವಂಥದ್ದು, ಅದಕ್ಕಿಂತ ತೆಳ್ಳಗೆ.

"ಇಷ್ಟೇ ಏನವಾ?" ಎಂದೆ.

"ಇಷ್ಟೇ ಕಾಕಾ. ಇದು ತಾನಾಗಿ ಏನೂ ಮಾಡೂದಿಲ್ಲ. ಕೆಸರಿನಾಗ ಇಪ್ಪತ್ತೆಂಟು ದಿನಾ ಸುಮ್ನ ಕೂಡ್ತದ. ಕೆಸರಿನ ಕಣಗಳ ನಡುವ ನೀರು ಇರ್ತದಲ್ಲಾ, ಅದರಾಗ ಕರಗಿದ ವಿಷಾನ ಮೆಲ್ಲಕ ಹೀರಿಕೊಳ್ತದ. ಮೀನಿನ ಮೈಯಾಗಿನ ಕೊಬ್ಬು ಹೀರಿಕೊಂಡಂಗ."

"ಅದರ ಬದ್ಲಿ ಒಂದ ಬಕೆಟ್ ಕೆಸರು ಒಯ್ದು ಅಳೀರಿ, ಮುಗೀತು!"

"ಕೆಸರಿನಾಗ ಒಟ್ಟ ಎಷ್ಟದ ಅನ್ನೂದು ಬ್ಯಾರೆ, ಜೀವಕ್ಕ ಎಷ್ಟು ತಗಲ್ತದ ಅನ್ನೂದು ಬ್ಯಾರೆ ಕಾಕಾ. ಮೌಶಿ ಬ್ಯಾಡಗಿ ಮೆಣಸಿನಕಾಯಿ ಎರಡು ಚಮಚ ಹಾಕಿದ್ರೂ ನೀವು ಉಣ್ತೀರಿ. ಲವಂಗಿ ಮೆಣಸಿನಕಾಯಿ ಅರ್ಧ ಚಮಚ ಹಾಕಿದ್ರ?"

ಈ ಉದಾಹರಣೆ ನನ್ನ ಬುದ್ಧಿಗೂ ಹೊಟ್ಟೆಗೂ ಸರಿಯಾಗಿ ನಾಟಿತು.

ಆರು ಪಟ್ಟಿಗಳನ್ನು ಸ್ಟೀಲಿನ ಚೌಕಟ್ಟಿಗೆ ಸಿಕ್ಕಿಸಿ, ಗಮ್‌ಬೂಟು ಹಾಕಿಕೊಂಡು ನಾಲಾಕ್ಕೆ ಇಳಿದು, ಅನಘಾ ಕೆಸರಿನಲ್ಲಿ ನೆಟ್ಟಳು. ಏಳನೆಯದನ್ನು ನೆಡಲಿಲ್ಲ. ದಂಡೆಯ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹಿಡಿದು, ಮತ್ತೆ ಚಪಾತಿ ಸುತ್ತುವಂಥ ಬೆಳ್ಳಿಹಾಳೆಯಲ್ಲಿ ಸುತ್ತಿ ತನ್ನ ಡಬ್ಬಿಗೆ ಹಾಕಿಕೊಂಡಳು.

"ಇದು ಯಾಕ ಸುಮ್ನ ಕೂತು ಪಗಾರ ತಿಂತದ?" ಎಂದೆ.

"ಇದು ಸಾಕ್ಷಿ ಪಟ್ಟಿ, ಕಾಕಾ. ನಾಲಾಕ್ಕ ಇಳಿಯೂದಿಲ್ಲ, ಉಳಿದದ್ದೆಲ್ಲಾ ಅವುಗಳ ಜೋಡಿನೇ. ಕೆಸರಿನಿಂದ ಬಂದದ್ದು ಯಾವುದು, ನಮ್ಮ ಕೈಯಿಂದ ಬಂದದ್ದು ಯಾವುದು ಅಂತ ಇದಾ ಹೇಳ್ತದ."

ಇಪ್ಪತ್ತೆಂಟು ದಿನ ನಾನು ಬೆಳಿಗ್ಗೆ ಸಂಜೆ ನಾಲಾದ ದಂಡೆಯಲ್ಲಿ ಕಾವಲು ಕಾದೆ. ಕಸ ಎಸೆಯಲು ಬಂದವರನ್ನು ಎರಡು ಭಾಷೆಯಲ್ಲಿ ಬೈದೆ. ಕೊನೆಯ ದಿನ ಬಂತು ನೋಡಿ ಫೋನು. ಅನಘಾ ಇಂದಾಪುರದ ಕಡೆ ಹಿನ್ನೀರಿನ ಕೆಲಸದಲ್ಲಿ ಸಿಕ್ಕಿಬಿದ್ದಿದ್ದಾಳೆ, ಮೂರು ದಿನ ಬರುವಂತಿಲ್ಲ, ಪಟ್ಟಿಗಳನ್ನು ಇಂದೇ ತೆಗೆಯಬೇಕು. ಬೂಟು, ಗ್ಲೋವ್ಸು, ಸಾಕ್ಷಿ ಪಟ್ಟಿಯಿದ್ದ ಡಬ್ಬಿ ಎಲ್ಲ ಗೆಳತಿಯ ಕೈಲಿ ಕಳಿಸಿದಳು.

"ಕಾಕಾ, ನಿಮ್ಮ ಮ್ಯಾಲ ಭಾಳ ಭರೋಸಾ ಇಟ್ಟೀನಿ. ಗ್ಲೋವ್ಸ್ ಇಲ್ದ ಮುಟ್ಟಬ್ಯಾಡ್ರಿ. ಸಾಬೂನು ಬ್ಯಾಡ. ಹಸಿ ಟಿಶ್ಶೂದಿಂದ ಒರಸಿ, ಬೆಳ್ಳಿಹಾಳ್ಯಾಗ ಸುತ್ತಿ, ಫ್ರೀಜರಿನಾಗ ಇಡ್ರಿ. ಹತ್ತರ ಊದಿನಕಡ್ಡಿ, ಸಿಗರೇಟು, ಸೆಂಟು, ಏನೂ ಇರಬಾರದು. ಗಾಳ್ಯಾಗಿಂದೂ ಹೀರಿಕೊಂಡಬಿಡ್ತಾವ."

ಮೂವತ್ತನಾಲ್ಕು ವರ್ಷದ ಅನುಭವಿಗೆ ಇಷ್ಟು ಸೂಚನೆ! ಆದರೂ ಒಂದೊಂದನ್ನೂ ಚಾಚೂ ತಪ್ಪದೆ ಪಾಲಿಸಿದೆ. ನಾಲಾಕ್ಕೆ ಇಳಿದೆ. ಒಮ್ಮೆ ಜಾರಿ ಸೊಂಟದ ತನಕ ಹೋದೆ. ಕೈ ಮಾತ್ರ ಮೇಲೆಯೇ ಎತ್ತಿ ಹಿಡಿದಿದ್ದೆ, ಕೈಯಲ್ಲಿ ಪಟ್ಟಿ ಇತ್ತು. ಒರೆಸಿದೆ, ಸುತ್ತಿದೆ. ಮನೆಗೆ ಬಂದು ಪದ್ಮಾಳಿಗೆ ದೇವರ ಮುಂದೆ ಊದಿನಕಡ್ಡಿ ಹಚ್ಚಗೊಡಲಿಲ್ಲ. ಒಗ್ಗರಣೆ ನಿಷೇಧಿಸಿದೆ. ಪಕ್ಕದ ಮನೆಯ ಜೋಶಿ ಸೆಂಟು ಹಾಕಿಕೊಂಡು ಪೇಪರು ಕೇಳಲು ಬಂದರು. ಬಾಗಿಲಲ್ಲೇ ಕೈ ಅಡ್ಡ ಹಿಡಿದೆ. "ಒಳಗ ಬರಬ್ಯಾಡ್ರಿ, ನೀವು ವಾತಾವರಣ ಕೆಡಸ್ತೀರಿ!" ಅವರು ಅಂದಿನಿಂದ ನನ್ನೊಡನೆ ಮಾತು ಬಿಟ್ಟರು.

ತೊಡಕು ಬಂದದ್ದು ಫ್ರೀಜರಿನಲ್ಲಿ.

"ನಾಲಾದ ಹೊಲಸು ನನ್ನ ಫ್ರಿಜ್ಜಿನಾಗ? ಬೆಣ್ಣಿ ಅದ ಅಲ್ಲೆ, ಹೂರಣ ಅದ, ನಾಳೆ ನೈವೇದ್ಯಕ್ಕ ಬೇಕು," ಎಂದಳು ಪದ್ಮಾ.

"ನಿನ್ನ ಹಕ್ಕರಕಿ ಸಲುವಾಗೇ ಅಲ್ಲೇನು ಇದೆಲ್ಲಾ?"

"ಹಂಗಾರ ಒಂದ ತಾಸು ತಡೀರಿ. ಎಲ್ಲಾ ತೆಗೆದು, ಜೋಶಿಯವರ ಫ್ರಿಜ್ಜಿನಾಗ ಇಟ್ಟು, ಜಾಗಾ ಮಾಡಿಕೊಡ್ತೀನಿ."

ಆಕೆ ತಾಸು ತಡೆಯಿರಿ ಎಂದಳು. ಇದನ್ನು ನಾನು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ. ಆದರೆ ಜೋಶಿಯವರನ್ನು ಆಗತಾನೇ ಬಾಗಿಲಿನಿಂದ ಅಟ್ಟಿದವನು ಅವರ ಫ್ರಿಜ್ಜನ್ನು ಯಾವ ಮುಖದಿಂದ ಕೇಳುವುದು? ಅಷ್ಟರಲ್ಲಿ ನನ್ನೊಳಗಿನ ಗುಮಾಸ್ತ ಎದ್ದು ಕೂತ. ಫ್ರೀಜರು ಯಾಕೆ ಬೇಕು? ಭದ್ರತೆಗೆ. ಈ ಮನೆಯಲ್ಲಿ ಅತ್ಯಂತ ಭದ್ರವಾದ ಸ್ಥಳ ಯಾವುದು? ನನ್ನ ಕಬ್ಬಿಣದ ಕಪಾಟು! ಮದುವೆಯ ಸೀರೆ, ಮನೆಯ ಪತ್ರ, ನನ್ನ ಕರಿ ಕೋಟು, ಸೊಸೈಟಿಯ ಮಿನಿಟ್ಸ್ ಪುಸ್ತಕ, ಎಲ್ಲ ಅದರಲ್ಲೇ. ಮಿನಿಟ್ಸ್ ಬರೆಯುವವನು ನಾನೇ, ಕಾಯುವವನೂ ನಾನೇ.

ಕಪಾಟಿಗೆ ಸೇರಿಸುವ ಮುನ್ನ ರಿಜಿಸ್ಟರಿನಲ್ಲಿ ಬರೆಯಬೇಕಲ್ಲ. ನಂಬರು ಇದ್ದದ್ದು ಪೊಟ್ಟಣದ ಒಳಗೆ. ಹಾಗಾಗಿ ಒಂದೊಂದನ್ನೂ ಬಿಚ್ಚಿ, ಗ್ಲೋವ್ಸ್ ಹಾಕಿಕೊಂಡೇ, ನಂಬರು ಬರೆದುಕೊಂಡೆ. ಮತ್ತೆ ಸುತ್ತುವಾಗ ಮನಸ್ಸು ಒಪ್ಪಲಿಲ್ಲ. ಬರೀ ಬೆಳ್ಳಿಹಾಳೆ! ಹುಳ ಬಿದ್ದರೆ? ಇರುವೆ ಹೊಕ್ಕರೆ? ಹೆಂಡತಿಯ ಹನ್ನೊಂದು ವರ್ಷದ ಮಡಿ ಈ ಆರು ಪಟ್ಟಿಯ ಮೇಲೆ ನಿಂತಿದೆ. ಮಾಡುವ ಕೆಲಸ ಅರೆಬರೆ ಮಾಡಿದವನಲ್ಲ ನಾನು. ಪ್ರತಿ ಪೊಟ್ಟಣಕ್ಕೂ ಒಂದೊಂದು ಹೊಸ ಡಾಂಬರು ಗುಳಿಗೆ ಹಾಕಿ ಸುತ್ತಿದೆ. ಏಳನೆಯದಕ್ಕೆ, ಅಂದರೆ ಸುಮ್ಮನೆ ಕೂತ ಆ ಸಾಕ್ಷಿಗೆ, ಎರಡು ಹಾಕಿದೆ. ಕೆಲಸವಿಲ್ಲದ ಫೈಲಿಗೇ ಹುಳ ಬೇಗ ಬೀಳುವುದು, ಇದು ನನ್ನ ಸರ್ವಿಸಿನಲ್ಲಿ ಕಂಡ ಸತ್ಯ.

ಮೂರನೆಯ ದಿನ ಅನಘಾ ಬಂದಳು. ಅವಳು ಬರುವ ಮೊದಲೇ ಗುಳಿಗೆಗಳನ್ನು ತೆಗೆದು, ಪೊಟ್ಟಣಗಳನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದೆ. ಇಂದಾಪುರದ ಬಸ್ಸಿನ ಧೂಳಿಗೆ ಅವಳ ಮೂಗು ಪೂರಾ ಕಟ್ಟಿತ್ತು.

"ಸರಿಯಾಗಿ ಇಟ್ಟಿದ್ರಲ್ಲಾ ಕಾಕಾ?"

"ಜೀವಕ್ಕಿಂತ ಹೆಚ್ಚು ಮಾಡಿ ಇಟ್ಟೀನಿ."

ಅವಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಎಲ್ಲವನ್ನೂ ಐಸ್ ಡಬ್ಬಿಗೆ ಹಾಕಿಕೊಂಡು ಹೋದಳು. ಆ ನಮಸ್ಕಾರ ನೆನೆದರೆ ಈಗ ನೆಲ ಬಾಯಿ ಬಿಡಬಾರದೇ ಅನಿಸುತ್ತದೆ.

ಸಭೆಗೆ ನಾಲ್ಕು ದಿನ ಇರುವಾಗ ಅವಳ ಫೋನು ಬಂತು. ಧ್ವನಿಯಲ್ಲಿ ಗಾಬರಿ. "ಕಾಕಾ, ಆರು ಪಟ್ಟಿ ನೋಡಿದ್ವಿ. ನ್ಯಾಫ್ಥಲೀನ್ ಅನ್ನೂ ರಸಾಯನ ನಂಬಲಾರದಷ್ಟು ಬಂದದ! ನನಗ್ಯಾಕೋ ಸಂಶಯ. ಸಾಕ್ಷಿ ಪಟ್ಟಿ ಇನ್ನೂ ಆಗಿಲ್ಲ, ಭಾನುವಾರದೊಳಗ ಆಗ್ತದ. ಅಲ್ಲೀಮಟಾ ಯಾರ ಮುಂದೂ ಹೇಳಬ್ಯಾಡ್ರಿ."

"ಯಾರ ಮುಂದೂ ಇಲ್ಲ," ಎಂದೆ. ಫೋನು ಇಟ್ಟವನು ಪದ್ಮಾಳಿಗೆ ಹೇಳಿದೆ. ಹೆಂಡತಿ 'ಯಾರೋ' ಅಲ್ಲ. ಆಮೇಲೆ ವಾಚ್‌ಮನ್‌ಗೆ ಹೇಳಿದೆ. ಸಂಜೆಯೊಳಗೆ ಸೊಸೈಟಿಯ ಮೂರೂ ವಿಂಗಿಗೆ ಗೊತ್ತಾಯಿತು. ಪದ್ಮಾ ಅಂದು ಬಹಳ ದಿನದ ಮೇಲೆ ನಗುನಗುತ್ತ ಮಡಿಗೆ ನೀರು ಹಾಕಿದಳು.

ನ್ಯಾಫ್ಥಲೀನ್ ಅಂದರೇನೆಂದು ಮೊಬೈಲಿನಲ್ಲಿ ಓದಿದೆ. ರಕ್ತಕ್ಕೆ ಕೆಟ್ಟದ್ದು, ಮೀನಿಗೆ ಕೆಟ್ಟದ್ದು ಎಂಬಲ್ಲಿಯ ತನಕ ಓದುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತು. ಕೆಳಗೆ 'ಉಪಯೋಗಗಳು' ಎಂಬ ಭಾಗ ಇತ್ತು. ಇಂಥ ವಿಷದ ಉಪಯೋಗ ಯಾರಿಗೆ ಬೇಕು ಎಂದು ಬಿಟ್ಟುಬಿಟ್ಟೆ.

ಭಾನುವಾರ ಸಭೆ. ಸೊಸೈಟಿಯ ಹಾಲ್ ತುಂಬಿತ್ತು. ಕಪಾಟಿನಿಂದ ಕರಿ ಕೋಟು ತೆಗೆದು ಹಾಕಿಕೊಂಡು ಹೋದೆ. ಮಿನಿಟ್ಸ್ ಪುಸ್ತಕ ಮೇಜಿನ ಮೇಲಿಟ್ಟು ಎದ್ದು ನಿಂತೆ.

"ಸಜ್ಜನರೇ! ನಮ್ಮ ಹಿತ್ತಲಿಗೆ ತಂದು ಸುರಿಯಲಿರುವುದು ಗಾಳಾ ಅಲ್ಲ, ನ್ಯಾಫ್ಥಲೀನ್! ಇದೆಂಥ ಭಯಂಕರ ವಿಷ ಅಂತ ನಿಮಗೆ ಗೊತ್ತಿದೆಯೇ? ಯಾವ ಪಾಪಿ ಇದನ್ನು ನಮ್ಮ ನಡುವೆ ತಂದು ಹಾಕಿದನೋ, ಅವನ ಫೋಟೋ ಗೇಟಿನ ಮೇಲೆ ಹಾಕಬೇಕು. ಅವನ ಮನೆಯ ನೀರು ಬಂದ್ ಮಾಡಬೇಕು!"

ಇದೇ ಮಾತನ್ನು ಮರಾಠಿಯಲ್ಲೂ ಗುಡುಗಿದೆ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಕುರ್ಚಿ ಹಿಂದೆ ಸರಿಸುತ್ತಿದ್ದರು. ಕೆಲವರು ಮೂಗಿಗೆ ಕರ್ಚೀಫು ಹಿಡಿದಿದ್ದರು. ಕಣ್ಣೀರು ಒರೆಸಿಕೊಳ್ಳುತ್ತಿದ್ದಾರೆ ಎಂದುಕೊಂಡು ನಾನು ಧ್ವನಿ ಇನ್ನೂ ಏರಿಸಿದೆ. ಮೋಹಿತೆಯ ಮುಖ ಇಳಿದಿತ್ತು. "ಹಿಂಗಿದ್ರ ಗಾಳಾ ಬ್ಯಾಡ ಬಿಡ್ರಿ," ಎಂದು ಅವರು ಅನ್ನುವುದಕ್ಕೂ ಬಾಗಿಲಲ್ಲಿ ಅನಘಾ ಏದುಸಿರು ಬಿಡುತ್ತ ಕಾಣಿಸಿಕೊಳ್ಳುವುದಕ್ಕೂ ಸರಿಯಾಯಿತು.

"ಕಾಕಾ, ನಿಲ್ಲಸ್ರಿ! ಸಾಕ್ಷಿ ಪಟ್ಟಿ ಆತು. ನಾಲಾಕ್ಕ ಇಳೀದಾ ಇಲ್ಲ ಅದು. ಅದರಾಗ ಉಳಿದ ಆರಕ್ಕಿಂತ ಎರಡಪಟ್ಟು ನ್ಯಾಫ್ಥಲೀನ್ ಅದ!"

"ನೋಡ್ರಿ!" ಎಂದೆ ಸಭೆಗೆ. "ವಿಷ ಗಾಳಿಗೂ ಹಬ್ಬೇದ!"

ಅನಘಾ ಹತ್ತಿರ ಬಂದಳು. ಅವಳ ನೆಗಡಿ ವಾಸಿಯಾಗಿತ್ತು. ನನ್ನ ಕೋಟಿನ ಬಳಿ ಬಂದವಳು ಗಕ್ಕನೆ ನಿಂತಳು. ಒಮ್ಮೆ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಕಾಕಾ, ಪಟ್ಟಿ ಎಲ್ಲಿ ಇಟ್ಟಿದ್ರಿ?"

"ಕಪಾಟಿನಾಗ. ಭದ್ರವಾಗಿ."

"ಕಪಾಟಿನಾಗ ಏನದ?"

"ಏನಿರ್ತದ? ಬಟ್ಟಿ, ಕಾಗದಾ, ಡಾಂಬರ ಗುಳಿಗಿ..."

ಅನಘಾ ಹಣೆಗೆ ಕೈ ಹಚ್ಚಿಕೊಂಡು ಅಲ್ಲೇ ಕುರ್ಚಿಯ ಮೇಲೆ ಕುಸಿದಳು. "ಕಾಕಾ, ಆ ಗುಳಿಗೀನಾ ನ್ಯಾಫ್ಥಲೀನ್!"

ಜೋಶಿ, ನನ್ನೊಡನೆ ಮಾತು ಬಿಟ್ಟಿದ್ದ ಜೋಶಿ, ಮೊದಲ ಬಾರಿಗೆ ಬಾಯಿ ಬಿಟ್ಟರು. "ವಾತಾವರಣ ಯಾರು ಕೆಡಸಿದ್ರು, ಕಟ್ಟಿಯವರ?" ಅಷ್ಟೇ! ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಾರೋ ಹಿಂದಿನಿಂದ "ಕಾಕಾಂಚಾ ಫೋಟೋ ಗೇಟವರ ಲಾವಾ!" ಎಂದು ನಾನು ಸೂಚಿಸಿದ ಶಿಕ್ಷೆಯನ್ನು ನನಗೇ ಕೂಗಿದರು.

ನಾನು ಸುಮ್ಮನಿರುವವನೇ? ಕೇಳಿಯೇ ಬಿಟ್ಟೆ. ಕಿರಾಣಿ ಅಂಗಡಿಯಲ್ಲಿ ಸಾಸಿವೆ ಜೀರಿಗೆಯ ಪಕ್ಕ ಮಾರುವ ವಸ್ತು ಅದು ಹೇಗೆ ವಿಷ? ಮೂವತ್ತನಾಲ್ಕು ವರ್ಷ ಆಫೀಸಿಗೆ ಸಾಮಾನು ತರಿಸುವ ಇಂಡೆಂಟಿನಲ್ಲಿ 'ಡಾಂಬರು ಗುಳಿಗೆ' ಎಂದೇ ಬರೆದಿದ್ದೇನೆ, ಒಬ್ಬ ಮ್ಯಾನೇಜರಾದರೂ ತಿದ್ದಬಾರದಿತ್ತೇ? ಊದಿನಕಡ್ಡಿ ಬೇಡ ಅಂದವಳು ಗುಳಿಗೆ ಬೇಡ ಅಂದಳೇ?

"ಫ್ರೀಜರ್ ಅಂದಿದ್ದೆ, ಕಾಕಾ," ಎಂದಳು ಅನಘಾ. ಸಿಟ್ಟಿನಿಂದ ಅಲ್ಲ. ಅಳು ಬರುವ ಹಾಗೆ ಅಂದಳು.

ಮೋಹಿತೆಗೆ ಜೀವ ಬಂದಿತ್ತು. "ಮ್ಹಣಜೇ, ಅಂದ್ರ, ಪುರಾವೆ ಇಲ್ಲ! ಲಾರಿ ನಾಳೆ ಬರ್ತದ."

ಆಗ ಪದ್ಮಾ ಎದ್ದಳು. ಅವಳು ಸಭೆಯಲ್ಲಿ ಮಾತಾಡಿದ್ದೇ ಅದು ಮೊದಲು. ಸೆರಗಿನೊಳಗಿಂದ ಒಂದು ಹಿಡಿ ಹಕ್ಕರಕಿ ತೆಗೆದು ಮೋಹಿತೆಯ ಮುಂದೆ ಮೇಜಿನ ಮೇಲಿಟ್ಟಳು. "ಚೇರ್‌ಮನ್ನರ, ನಿಮ್ಮ ಮನ್ಯಾಗೂ ಇದನ್ನ ಹಸೀದಾ ತಿಂತೀರಿ. ನಿಮ್ಮ ಮೊಮ್ಮಗಳೂ ತಿಂತಾಳ. ನಮ್ಮ ಮನೀ ಮನಷಾ ಮಾಡಿದ್ದು ಮಂಗ್ಯಾತನಾ, ಒಪ್ಪಿಕೊಂಡೆ. ಅವರು ಮಂಗ್ಯಾತನಾ ಮಾಡಿದ್ರ ಕೆಸರು ಚೊಲೊ ಆತೇನು? ಇನ್ನೊಂದ ಸರ್ತಿ ಪಟ್ಟಿ ಹಾಕಸ್ರಿ. ಅಲ್ಲೀಮಟಾ ಲಾರಿ ತಡೀರಿ."

ಮೋಹಿತೆ ಸೊಪ್ಪನ್ನು ನೋಡಿದರು. "ಆತು ವಹಿನಿ," ಎಂದರು ಆಮೇಲೆ. "ಖರೆ ಒಂದ ಷರತ್ತು ಅದ." ಅವರ ಬೆರಳು ನನ್ನ ಕಡೆಗಿತ್ತು.

ಆ ಠರಾವನ್ನು ನಾನೇ, ನನ್ನ ಕೈಯಾರೆ, ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳಬೇಕಾಯಿತು. ಬರೆದದ್ದು ಮರಾಠಿಯಲ್ಲಿ. ಅದರ ತಾತ್ಪರ್ಯ ಇಷ್ಟು: 'ನಾಲಾದಲ್ಲಿ ಹೊಸದಾಗಿ ಏಳು ಪಟ್ಟಿಗಳ ಪರೀಕ್ಷೆ ನಡೆಯತಕ್ಕದ್ದು. ಫಲಿತಾಂಶ ಬರುವವರೆಗೆ ಕೆಸರು ಸುರಿಯತಕ್ಕದ್ದಲ್ಲ. ಸದರಿ ಪಟ್ಟಿಗಳ ಹತ್ತು ಅಡಿ ಅಂತರದೊಳಗೆ ಶ್ರೀಯುತ ಕಟ್ಟಿ ಇವರಾಗಲೀ, ಅವರ ಕೋಟಾಗಲೀ ಬರತಕ್ಕದ್ದಲ್ಲ. ಸೂಚಿಸಿದವರು: ಶ್ರೀ ಮೋಹಿತೆ. ಅನುಮೋದಿಸಿದವರು: ಸೌಭಾಗ್ಯವತಿ ಪದ್ಮಾ ಕಟ್ಟಿ.'

ಹೌದು, ನನ್ನ ಹೆಂಡತಿ! ಅವಳ ಕೈಯೇ ಎಲ್ಲರಿಗಿಂತ ಮೊದಲು ಮೇಲಕ್ಕೆ ಹೋಯಿತು.

ಎರಡನೆಯ ಸಲ ಎಲ್ಲವೂ ಸರಿಯಾಗಿ ನಡೆಯಿತು. ಅಂದರೆ ನಾನಿರಲಿಲ್ಲ. ಪಟ್ಟಿಗಳು ನಾಲಾದಲ್ಲಿ ತಿಂಗಳು ಕೂತವು, ನಾನು ಬಾಲ್ಕನಿಯಲ್ಲಿ ಕೂತೆ. ಈ ಸಾರಿ ಪದ್ಮಾ ಬೆಣ್ಣೆ, ಹೂರಣ ಎಲ್ಲ ಜೋಶಿಯವರ ಮನೆಗೆ ಸಾಗಿಸಿ, ಫ್ರೀಜರು ತೊಳೆದು, ಪಟ್ಟಿಗಳಿಗೆ ಜಾಗ ಮಾಡಿಕೊಟ್ಟಳು. ಅಂದು ನನ್ನನ್ನು ಪಾರ್ಕಿಗೆ ಕಳಿಸಿದಳು.

ಫಲಿತಾಂಶ ಬಂತು. ಸಾಕ್ಷಿ ಪಟ್ಟಿ ಶುದ್ಧ. ಕೆಸರಿನ ಪಟ್ಟಿಗಳಲ್ಲಿ ಗಾಡಿಯ ಎಣ್ಣೆಯಿಂದ, ಹೊಗೆಯ ಮಸಿಯಿಂದ ಬರುವ ವಿಷಗಳು ಒಂದಲ್ಲ, ಎಂಟು! ಆ ಕೆಸರಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿನ್ನಬಾರದೆಂದು ಅನಘಾಳ ಗುರುಗಳೇ ಬರೆದುಕೊಟ್ಟರು. ಲಾರಿ ನಮ್ಮ ಗೇಟಿಗೆ ಬರಲಿಲ್ಲ. ಮೋಹಿತೆ ಮಾತಿಗೆ ತಪ್ಪಲಿಲ್ಲ, ವರದಿಯನ್ನು ಸಭೆಯಲ್ಲಿ ತಾವೇ ಓದಿದರು. ಒಂದು ಸಾಲನ್ನು ಮಾತ್ರ ಬೇಕೆಂದೇ ಎರಡು ಸಲ ಓದಿದರು: "ನ್ಯಾಫ್ಥಲೀನ್, ನಗಣ್ಯ." ಅಂದರೆ ನಾನು ಗಂಟಲು ಹರಿಯುವಂತೆ ಭಾಷಣ ಬಿಗಿದ ಒಂದೇ ಒಂದು ವಿಷ ಆ ನಾಲಾದಲ್ಲಿ ಹೇಳಿಕೊಳ್ಳುವಷ್ಟು ಇರಲಿಲ್ಲ.

ಹಕ್ಕರಕಿ ಈಗ ಗೇಣುದ್ದ ಬಂದಿದೆ. ಪದ್ಮಾ ನನ್ನ ತಟ್ಟೆಗೂ ಹಾಕುತ್ತಾಳೆ, ಕೈ ಎರಡು ಸಲ ತೊಳೆಸಿದ ಮೇಲೆ. ಕೆಲಸ ಮುಗಿಯಿತಲ್ಲ, ಇನ್ನು ಆ ಠರಾವು ರದ್ದು ಮಾಡಿ ಎಂದು ನಾನು ಅರ್ಜಿ ಕೊಟ್ಟೆ. ಅನುಮೋದಕರು ಸಿಗಲಿಲ್ಲ. ಪದ್ಮಾಳನ್ನು ಕೇಳಿದರೆ, "ಇರಲಿ ಬಿಡ್ರಿ, ಮುಂದ ಉಪಯೋಗಕ್ಕ ಬರ್ತದ," ಅನ್ನುತ್ತಾಳೆ.

ಪುಸ್ತಕವೇನಾದರೂ ಕಾಲಾಂತರದಲ್ಲಿ ಹುಳ ತಿಂದು ಹಾಳಾಗಿ ಹೋದೀತೇ ಎಂದರೆ ಆ ಆಸೆಯೂ ಇಲ್ಲ. ಮಿನಿಟ್ಸ್ ಪುಸ್ತಕ ನನ್ನ ಕಪಾಟಿನಲ್ಲಿದೆ. ಮೂಲೆಗೆ ನಾಲ್ಕು ಗುಳಿಗೆ ಹಾಕಿಟ್ಟಿದ್ದೇನೆ!